ಒಂದು ಹಿಡಿ ಮೈದಾ

ಒದ್ದೆ ಬಟ್ಟೆ ಎತ್ತಿ ನೋಡಿದ. ಹಿಟ್ಟು ಪಾತ್ರೆಯ ಅಂಚಿನ ತನಕ ಉಬ್ಬಿ ಬಂದಿತ್ತು. ಬೆರಳ ತುದಿಯಿಂದ ಒತ್ತಿದರೆ ಕುಳಿ ಬಿದ್ದು ಮೆಲ್ಲಗೆ ತುಂಬಿಕೊಂಡಿತು. ಮೂವತ್ತೊಂದು ವರ್ಷ ಬೇಕರಿಯ ಭಟ್ಟಿಯ ಮುಂದೆ ನಿಂತು ರಿಟೈರ್ ಆದವನಿಗೆ ಬೆಳಗ್ಗೆ ಎದ್ದು ಇಂಥ ಹಿಟ್ಟು ಕಂಡರೆ ಖುಷಿಯಾಗಬೇಕು. ನಿನ್ನೆಯವರೆಗೂ ಆಗುತ್ತಿತ್ತು. ಇವತ್ತು ಆಗಲಿಲ್ಲ. ತೌಡು ತೆಗೆಯದ ಗೋಧಿ ಹಿಟ್ಟು, ನೀರು, ಯೀಸ್ಟು, ಒಂದು ಚಿಟಿಕೆ ಉಪ್ಪು, ಇಷ್ಟೇ ಇದ್ದರೆ ತಲೆಯ ಮೇಲೆ ಎರಡು ಕೊಂಬಿರುವವನು ನಾದಿದರೂ ಹಿಟ್ಟು ಹೀಗೆ ಉಬ್ಬುವುದಿಲ್ಲ. ಇದು ಅವನಿಗೆ ಗೊತ್ತು. ಗೊತ್ತಿಲ್ಲದ ಹೆಂಡತಿ ಒಳಗಿನ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತ, “ರೀ, ರಿಪೋರ್ಟು ಹತ್ತು ಗಂಟೆಗೆ ಕೊಡ್ತಾರಂತೆ. ಅಷ್ಟರೊಳಗೆ ಬ್ರೆಡ್ಡು ಬೆಂದುಬಿಡತ್ತಾ?” ಎಂದು ಕೇಳಿದಳು. ಬೇಯತ್ತೆ, ಬೇಯತ್ತೆ, ಎಂದ. “ಡಾಕ್ಟರಿಗೂ ಎರಡು ತುಂಡು ಕಟ್ಕೊಂಡು ಹೋಗೋಣ ಅಂತಿದ್ದೆ. ನೋಡಮ್ಮ, ನಮ್ಮನೆಯವರ ಕೈಯ ಬ್ರೆಡ್ಡು, ಇದನ್ನ ತಿಂದೇ ಶುಗರ್ ಇಳಿಸ್ಕೊಂಡೆ ಅಂತ ತೋರಿಸ್ಬೇಕು.” ಅವನು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದ.

ಮೂರು ತಿಂಗಳ ಹಿಂದೆ ಇದೇ ಡಾಕ್ಟರಮ್ಮ ಅವಳ ರಕ್ತದ ಸಕ್ಕರೆಯ ಸರಾಸರಿ ಎಂಟೂವರೆ ದಾಟಿದೆ ಎಂದಿದ್ದರು. ಮಾತ್ರೆ ಸಾಲುತ್ತಿಲ್ಲ, ಮೂರು ತಿಂಗಳು ಊಟತಿಂಡಿ ಕಟ್ಟುನಿಟ್ಟಾಗಿ ನೋಡಿಕೊಳ್ಳಿ, ಏಳೂವರೆಗೆ ಇಳಿದರೆ ಸರಿ, ಇಳಿಯದಿದ್ದರೆ ದಿನಾ ಇಂಜೆಕ್ಷನ್. ಆ ಮಾತಿಗೆ ಅವಳ ಮುಖ ಬಿಳುಚಿಕೊಂಡದ್ದನ್ನು ಅವನು ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ್ದ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು, ಬೀದಿಗೆಲ್ಲ ಟೀಚರಮ್ಮ, ಎಂಥ ಪೋಕರಿಯನ್ನೂ ಕಣ್ಣಲ್ಲೇ ಕೂರಿಸುವವಳು. ಆದರೆ ಲಸಿಕೆ ಹಾಕುವವರು ಶಾಲೆಗೆ ಬಂದ ದಿನ ಮಕ್ಕಳ ಕೈ ಹಿಡಿದುಕೊಂಡು ತಾನೇ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳಂತೆ. ಮಗಳು ಹುಟ್ಟುವಾಗ ನೋವಿಗೆ ತುಟಿ ಪಿಟಕ್ಕೆನ್ನದವಳು ಸೂಜಿ ಕಂಡು ಚೀರಿದ್ದಳು. ಆವತ್ತು ಕ್ಲಿನಿಕ್ಕಿನಿಂದ ಬಂದು ಮನೆಯ ಮೆಟ್ಟಿಲು ಹತ್ತುವಾಗ ಅವನೇ, “ಹೆದರ್ಕೋಬೇಡ್ವೇ, ನಾನಿಲ್ವಾ? ನಾಳೆಯಿಂದ ಅಂಗಡಿ ಬ್ರೆಡ್ಡು ಬಂದ್. ನಾನೇ ಮಾಡ್ತೀನಿ. ಬರೀ ಗೋಧಿ. ಒಂದು ಚೂರು ಮೈದಾ ಇಲ್ಲ, ಸಕ್ಕರೆ ಇಲ್ಲ,” ಎಂದಿದ್ದ. ಮೂವತ್ತೊಂದು ವರ್ಷ ಊರಿಗೆಲ್ಲ ಮೈದಾ ತಿನ್ನಿಸಿದವನ ಬಾಯಲ್ಲಿ ಈ ಮಾತು ಕೇಳಿ ಅವಳು ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟಿದ್ದಳು.

ಮೊದಲ ಬ್ರೆಡ್ಡು ಮಲಗಿಬಿಟ್ಟಿತು. ಮಗಳು ಕೊಡಿಸಿದ ಪುಟ್ಟ ಓವನ್ನಿನ ಗಾಜಿಗೆ ಮೂಗು ಒತ್ತಿ ಕೂತಿದ್ದವನ ಕಣ್ಣೆದುರಿಗೇ ಅದು ಏಳುವ ಹಾಗೆ ಮಾಡಿ, ಕುಸಿದು, ಅಚ್ಚಿನ ಅರ್ಧಕ್ಕೇ ನಿಂತಿತು. ಹೊರತೆಗೆದು ತಟ್ಟಿದರೆ ಹಲಗೆ ತಟ್ಟಿದ ಸದ್ದು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ. ಮಲಗಿದ ಬ್ರೆಡ್ಡು ಗಿರಾಕಿಯ ಕಣ್ಣಿಗೆ ಬಿದ್ದರೆ ಮಾಡಿದವನ ಮಾನ ಹೋಯಿತು ಎನ್ನುತ್ತಿದ್ದ ಆತ. ಹಾಗೆ ಬಿದ್ದವನ್ನು ಬೆಳಗಾಗುವ ಮುಂಚೆ ಪುಡಿ ಮಾಡಿ ಮುಚ್ಚಿಹಾಕಿಸುತ್ತಿದ್ದ. ಇಲ್ಲಿ ಗಿರಾಕಿ ಅಡುಗೆಮನೆಯ ಮೇಜಿನ ಮುಂದೆ ತಟ್ಟೆ ಇಟ್ಟುಕೊಂಡು ಕೂತಾಗಿತ್ತು. ಅವಳು ಒಂದು ತುಂಡು ಬಾಯಿಗಿಟ್ಟು, ದವಡೆಗೆ ಕೈ ಕೊಟ್ಟು ಅಗಿದಳು. ಅಗಿದಳು, ಅಗಿದಳು, ನೀರು ಕುಡಿದಳು. ಆಮೇಲೆ, “ಹಿಂದಿನ ಬಾಗಿಲು ಗಾಳಿಗೆ ಬಡ್ಕೊಳ್ಳತ್ತಲ್ಲ, ಅದಕ್ಕೆ ಅಡ್ಡ ಇಡೋಕೆ ಒಳ್ಳೇದಾಯ್ತು ಬಿಡಿ,” ಎಂದಳು. ತಮಾಷೆಗೇ ಅಂದದ್ದು. ಅವನೂ ನಕ್ಕ. ನಗುತ್ತಲೇ ಉಳಿದ ತುಂಡನ್ನು ತೆಗೆದುಕೊಂಡು ಹೋಗಿ ಸಿಂಕಿನ ಹತ್ತಿರ ಬೆನ್ನು ತಿರುಗಿಸಿ ನಿಂತ.

ಅವಳು ಹೊಗಳುವ ಪೈಕಿ ಅಲ್ಲ, ಯಾವತ್ತೂ ಅಲ್ಲ. ನೂರಕ್ಕೆ ನೂರು ತೆಗೆದವರ ಪುಸ್ತಕದ ಕೊನೆಗೂ ‘ಅಕ್ಷರ ದುಂಡಗಾಗಲಿ’ ಎಂದು ಕೆಂಪು ಶಾಯಿಯಲ್ಲಿ ಬರೆಯುವವಳು. ಮೂವತ್ತೊಂದು ವರ್ಷ ದಿನಾ ಬೆಳಗ್ಗೆ ಕಾಗದದಲ್ಲಿ ಸುತ್ತಿದ ಬಿಸಿ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಮನೆಗೆ ಬಂದಿದ್ದಾನೆ; ಅವಳು ಕೊಯ್ದಿದ್ದಾಳೆ, ಮಗಳ ಡಬ್ಬಿಗೆ ತುಂಬಿದ್ದಾಳೆ, ತಾನೂ ಎರಡು ತುಂಡು ತಿಂದು ಶಾಲೆಗೆ ಓಡಿದ್ದಾಳೆ. ಚೆನ್ನಾಗಿದೆ ಎಂದು ಒಂದು ದಿನ ಅಂದವಳಲ್ಲ. ಅವನೂ ಕೇಳಿದವನಲ್ಲ. ಗಂಡಸು ಹೋಗಿ ಹೇಗಿದೆ ಹೇಗಿದೆ ಎಂದು ಹೆಂಡತಿಯ ಮುಖ ನೋಡುತ್ತ ನಿಲ್ಲುವುದುಂಟೆ? ಆದರೆ ಒಳಗೆಲ್ಲೋ ಕಾದಿದ್ದ. ಕಾದಿದ್ದೇನೆ ಎಂಬುದು ಗೊತ್ತಾದದ್ದೇ ಬಾಗಿಲಿಗೆ ಅಡ್ಡ ಇಡುವ ಮಾತು ಕೇಳಿದ ಮೇಲೆ. ಅರವತ್ತೆರಡು ವರ್ಷದವನಿಗೆ ಇಂಥದ್ದೊಂದು ಹಸಿವು ಇರಬಹುದೆಂದು ಅವನೇ ಎಣಿಸಿರಲಿಲ್ಲ. ಮಾರನೆಯ ದಿನ ಯೀಸ್ಟು ತರಲು ಅಂಗಡಿಗೆ ಹೋದವನು ಒಂದು ಕೇಜಿ ಮೈದಾವನ್ನೂ ಕಟ್ಟಿಸಿಕೊಂಡು ಬಂದ. ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಸುರಿದು ಅಟ್ಟದ ಮೇಲೆ ಸುತ್ತಿಗೆ, ಮೊಳೆಗಳ ಚೀಲದ ಹಿಂದೆ ಇಟ್ಟ. ಅವಳು ಸ್ನಾನಕ್ಕೆ ಹೋದಾಗ ಇಳಿಸಿ ಒಂದು ಹಿಡಿ ತೆಗೆದ. ಒಂದೇ ಒಂದು ಹಿಡಿ. ಹಾಕಿದ್ದು ಕೈ, ತಾನಲ್ಲ ಎಂದು ಅವನ ಅರ್ಧ ಮನಸ್ಸು ಇವತ್ತಿಗೂ ವಾದ ಮಾಡುತ್ತದೆ. ಅಷ್ಟು ವರ್ಷ ಅದೇ ಹಿಟ್ಟಿನಲ್ಲಿ ಆಡಿದ ಕೈ, ಸೋಲುವುದು ಅದಕ್ಕೆ ಗೊತ್ತಿಲ್ಲ.

ಆವತ್ತು ಅವಳು ಮೊದಲ ತುಂಡು ಬಾಯಿಗಿಟ್ಟವಳು ಅಗಿಯುವುದನ್ನೇ ನಿಲ್ಲಿಸಿದಳು. “ರೀ!” ಎಂದಳು. “ಏನು ಮಾಡಿದ್ರಿ ಇವತ್ತು?” ಅವನು ಚಾಕು ಒರೆಸತೊಡಗಿದ. “ಯಾಕೆ?” “ಎಷ್ಟು ಹಗುರ ಇದೆ! ಚೆನ್ನಾಗಿದೆ ರೀ. ತುಂಬಾ ಚೆನ್ನಾಗಿದೆ.” ಅವನು ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಂಡ, ಹಲ್ಲು ಕಿರಿಯುತ್ತ ನಿಂತ ಆ ಮುಖ ನೆನಪಾದರೆ ಈಗ ನಾಚಿಕೆಯಾಗುತ್ತದೆ. ಮುಂದಿನ ವಾರ ಎರಡು ಹಿಡಿ. ಆಮೇಲೆ ಅರ್ಧಕ್ಕರ್ಧ. ಬಣ್ಣ ಬರಲಿ ಎಂದು ಎರಡು ಚಮಚ ಸಕ್ಕರೆ, ಮೆತ್ತಗಿರಲಿ ಎಂದು ಹಾಲಿನ ಪುಡಿ. ಕಂಡವರಿಗೆ ಗೋಧಿಯೆನ್ನಿಸಲಿ ಎಂದು ಮೇಲೆ ಒಂದಿಷ್ಟು ತೌಡು ಉದುರಿಸುವುದು, ಅದು ಬೇಕರಿಯಲ್ಲಿ ಕಲಿತ ಬುದ್ಧಿ. ಅವಳೋ ದಿನಕ್ಕೊಂದು ಸಲ ಚೆನ್ನಾಗಿದೆ ಎನ್ನುತ್ತಿದ್ದಳು, ಅಷ್ಟೂ ವರ್ಷದ ಬಾಕಿ ತೀರಿಸುವವಳ ಹಾಗೆ. ಎರಡು ತುಂಡು ತಿನ್ನುತ್ತಿದ್ದವಳು ಮೂರು ತಿಂದಳು, ಒಂದೊಂದು ದಿನ ನಾಲ್ಕು. “ಒಳ್ಳೇದೇ ತಾನೆ, ಬರೀ ಗೋಧಿ,” ಎನ್ನುತ್ತಿದ್ದಳು. ಕೆಳಗಿನ ಮನೆಯ ಟೈಲರಮ್ಮನಿಗೂ ಹೇಳಿಬಂದಳು. ಆಕೆ ಕಾಗದ ಪೆನ್ಸಿಲ್ಲು ಹಿಡಿದುಕೊಂಡೇ ಮೇಲೆ ಬಂದು ಮಾಡುವ ಬಗೆ ಕೇಳಿದಾಗ ಅವನು ಸತ್ಯವಾದ ಗೋಧಿಯ ಅಳತೆಯನ್ನೇ ಬರೆಸಿದ. ಟೈಲರಮ್ಮನ ಬ್ರೆಡ್ಡು ಸತ್ಯವಾಗಿ ಮಲಗಿತು. “ಎಲ್ಲಾ ನೀವು ಹೇಳಿದ ಹಾಗೇ ಹಾಕಿದೆ ಅಣ್ಣಾ,” ಎಂದು ಪಾಪ ಆಕೆ ತನ್ನನ್ನೇ ಬೈದುಕೊಂಡಳು. “ಏನೇ ಹೇಳಿ, ಕೈಗುಣ ಅನ್ನೋದು ಒಂದಿರತ್ತೆ.” ಹೆಂಡತಿ ಬಾಗಿಲಲ್ಲಿ ನಿಂತು ಬೀಗುತ್ತಿದ್ದಳು. ಬಿಟ್ಟುಬಿಡಬೇಕು, ನಾಳೆಯಿಂದ ಒಂದೊಂದೇ ಹಿಡಿ ಕಡಿಮೆ ಮಾಡುತ್ತ ಬರಬೇಕು ಎಂದು ಆವತ್ತೇ ಅಂದುಕೊಂಡ. ಆ ನಾಳೆ ಬರಲಿಲ್ಲ. ಈಗ ಪಾತ್ರೆಯಲ್ಲಿ ಉಬ್ಬಿ ಕೂತಿರುವುದರಲ್ಲಿ ಮುಕ್ಕಾಲು ಪಾಲು ಮೈದಾ, ಹೆಸರಿಗೆ ಗೋಧಿ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಚೆನ್ನಾಗಿ ಓದಿಕೊಂಡು ಪರೀಕ್ಷೆಗೆ ಬಂದವರು ಕೂರುವ ಹಾಗೆ. ಚೀಲದೊಳಗೆ ಬಟ್ಟೆಯಲ್ಲಿ ಸುತ್ತಿದ ಎರಡು ತುಂಡು ಬ್ರೆಡ್ಡು, ಇನ್ನೂ ಬೆಚ್ಚಗಿತ್ತು. ಚೀಲ ಅವನ ತೊಡೆಯ ಮೇಲಿತ್ತು. ಬ್ರೆಡ್ಡೊಂದೇ ಅಲ್ಲವಲ್ಲ, ದಿನಾ ನಡೆಯುತ್ತಾಳೆ, ಸಿಹಿ ಮುಟ್ಟಿಲ್ಲ, ಇಳಿದಿದ್ದರೂ ಇಳಿದಿರಬಹುದು ಎಂದು ಅವನು ಲೆಕ್ಕ ಹಾಕುತ್ತಿದ್ದ. ಇಳಿದುಬಿಡಲಿ. ಇಳಿದುಬಿಟ್ಟರೆ ಇವತ್ತೇ ಆ ಡಬ್ಬವನ್ನು ಬೀದಿಯ ಕಸಕ್ಕೆ ಸುರಿದು ಬರುತ್ತೇನೆ. ಯಾರಿಗೆ ಹೇಳಿಕೊಳ್ಳುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ. ಒಳಗೆ ಕರೆದರು. ಡಾಕ್ಟರಮ್ಮ ಅವಳ ಹಳೆಯ ವಿದ್ಯಾರ್ಥಿನಿ. ಟೀಚರ್ ಬಂದರೆ ಇವತ್ತಿಗೂ ಕುರ್ಚಿಯಿಂದ ಅರ್ಧ ಏಳುತ್ತಾರೆ. ಅರ್ಧ ಎದ್ದು, ಕೂತು, ಕಾಗದ ನೋಡಿದರು. “ಎಂಟು ಪಾಯಿಂಟ್ ಒಂಬತ್ತು ಟೀಚರ್.” “ಎಷ್ಟು?” ಎಂದಳು. “ಇಳಿದಿಲ್ಲ. ಇನ್ನೂ ಸ್ವಲ್ಪ ಏರಿದೆ.” “ಇನ್ನೊಂದ್ಸಲ ನೋಡಮ್ಮ, ಬೇರೆ ಯಾರದ್ದೋ ಇರ್ಬೇಕು.” ಡಾಕ್ಟರಮ್ಮ ನಿಜಕ್ಕೂ ಇನ್ನೊಂದು ಸಲ ನೋಡಿದರು. ಹೆಸರು, ವಯಸ್ಸು, ರಕ್ತ ತೆಗೆದ ದಿನ ಎಲ್ಲವೂ ಅವಳದ್ದೇ.

ಏನೇನು ತಿನ್ನುತ್ತೀರಿ ಎಂದರು. ಅವಳು ಪಾಠ ಒಪ್ಪಿಸುವಂತೆ ಒಪ್ಪಿಸಿದಳು: ಬೆಳಗ್ಗೆ ರಾತ್ರಿ ಬ್ರೆಡ್ಡು, ಅದೂ ಮನೆಯಲ್ಲಿ ಮಾಡಿದ್ದು, ಬರೀ ಗೋಧಿ, ಮಧ್ಯಾಹ್ನ ಬೇಳೆ, ತರಕಾರಿ, ನಾಲ್ಕು ಗಂಟೆಗೆ ಅರ್ಧ ಸೇಬು. ಸಕ್ಕರೆ ಇಲ್ಲ, ಕರಿದದ್ದಿಲ್ಲ. ಡಾಕ್ಟರಮ್ಮ ಪೆನ್ನಿನ ತುದಿಯಿಂದ ಮೇಜು ತಟ್ಟುತ್ತ ಕೇಳಿಸಿಕೊಂಡರು. ಆಮೇಲೆ ದನಿ ತಗ್ಗಿಸಿ, ಪ್ರೀತಿಯಿಂದಲೇ, “ಟೀಚರ್, ಬೇಜಾರು ಮಾಡ್ಕೋಬೇಡಿ. ಕದ್ದು ತಿನ್ನೋದು ಎಲ್ಲರೂ ಮಾಡ್ತಾರೆ. ನಮ್ಮಪ್ಪನೇ ದಿಂಬಿನ ಕೆಳಗೆ ಚಾಕ್ಲೆಟ್ ಇಟ್ಕೊಳ್ತಾರೆ. ನೀವೇ ಹೇಳ್ತಿದ್ರಲ್ಲ, ಉತ್ತರ ತಪ್ಪು ಬಂತು ಅಂದ್ರೆ ಮೇಲಿನ ಸಾಲಲ್ಲಿ ಎಲ್ಲೋ ತಪ್ಪಿರತ್ತೆ, ಹುಡುಕು ಅಂತ. ನನ್ನ ಹತ್ರ ಹೇಳಿ, ಪರವಾಗಿಲ್ಲ,” ಎಂದರು. “ನಾನು ಕದ್ದು ತಿನ್ನಲ್ಲ ಕಣಮ್ಮ,” ಎಂದಳು ಅವಳು. ಅಷ್ಟು ಸಣ್ಣ ದನಿ ಅವಳದ್ದು ಎಂದು ನಂಬುವುದೇ ಕಷ್ಟವಾಗಿತ್ತು. ನೀವಾದರೂ ಹೇಳಿ ಎನ್ನುವಂತೆ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಪಕ್ಕದ ತೂಕದ ಮಿಷಿನ್ನನ್ನು ನೋಡುತ್ತಿದ್ದ. ಅದರ ಮೇಲೆ ಯಾರೂ ನಿಂತಿರಲಿಲ್ಲ, ಆದರೂ ಮುಳ್ಳು ಸೊನ್ನೆಯ ಅಕ್ಕಪಕ್ಕ ಅಲ್ಲಾಡುತ್ತಿತ್ತು. ಈಗ ಹೇಳಬೇಕು. ಈಗ. ನಾಲಗೆ ಹಿಟ್ಟು ಮೆತ್ತಿದಂತೆ ಅಂಗುಳಕ್ಕೆ ಅಂಟಿತ್ತು. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಬರೆಯತೊಡಗಿದರು. ನಾಳೆ ಬೆಳಗ್ಗೆಯಿಂದ ದಿನಕ್ಕೊಂದು ಇಂಜೆಕ್ಷನ್, ಹೊಟ್ಟೆಗೆ, ತಾವೇ ಚುಚ್ಚಿಕೊಳ್ಳುವುದು. ಚೀಲದ ಬ್ರೆಡ್ಡನ್ನು ಅವಳು ಹೊರಗೆ ತೆಗೆಯಲೇ ಇಲ್ಲ.

ಪಕ್ಕದ ಕೋಣೆಯಲ್ಲಿ ನರ್ಸು ಪೆನ್ನಿನಂಥ ಒಂದು ಸಾಧನ ತೋರಿಸಿ, ಹೀಗೆ ತಿರುಗಿಸಿ, ಹೀಗೆ ಹಿಡಿದು, ಹೀಗೆ ಒತ್ತಿ ಎಂದು ಹೇಳಿಕೊಟ್ಟಳು. ಅಭ್ಯಾಸಕ್ಕೆಂದು ಔಷಧಿಯಿಲ್ಲದ ಒಂದನ್ನು ಕೈಗೆ ಕೊಟ್ಟು, “ಕಿತ್ತಳೆ ಹಣ್ಣಿನ ಮೇಲೆ ನಾಲ್ಕು ಸಲ ಚುಚ್ಚಿ ನೋಡಿ, ಹೆದರಿಕೆ ಹೋಗತ್ತೆ,” ಎಂದಳು. ಔಷಧಿ ಅಂಗಡಿಯವನು ನಿಜವಾದದ್ದನ್ನು ಐಸಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಫ್ರಿಜ್ಜಿನ ಬಾಗಿಲಲ್ಲಿಡಿ ಎಂದ. ಆ ಪೊಟ್ಟಣವನ್ನು ಅವಳು ಮೈಗೆ ತಾಕದಂತೆ ದೂರ ಹಿಡಿದುಕೊಂಡು ನಡೆದಳು. ಕೊಡು ಎಂದರೂ ಕೊಡಲಿಲ್ಲ. ಫುಟ್‌ಪಾತಿನ ಕಲ್ಲುಗಳ ಮೇಲೆ ಅವಳ ಚಪ್ಪಲಿ ಎಂದಿನಂತೆ ಟಕಟಕ ಎನ್ನದೆ ಎಳೆದಂತೆ ಸದ್ದು ಮಾಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ, “ಆ ಅರ್ಧ ಸೇಬೇ ಇರ್ಬೇಕು ರೀ,” ಎಂದಳು. “ಇನ್ನು ಅದೂ ಬೇಡ. ಮಧ್ಯಾಹ್ನದ ಊಟಾನೂ ಅರ್ಧ ಮಾಡ್ತೀನಿ. ನಿಮ್ಮ ಬ್ರೆಡ್ಡೊಂದು ಬಿಡಲ್ಲ. ನಾನು ತಿನ್ನೋದ್ರಲ್ಲಿ ಅದೊಂದೇ ಒಳ್ಳೇದು.” ಅಂಚೆ ಪೆಟ್ಟಿಗೆಯ ಹತ್ತಿರ ಹೇಳುತ್ತೇನೆ ಎಂದುಕೊಂಡ. ಅಂಚೆ ಪೆಟ್ಟಿಗೆ ದಾಟಿತು. ಪಾರ್ಕಿನ ಗೇಟಿನ ಹತ್ತಿರ ಎಂದುಕೊಂಡ. ಅಲ್ಲಿ ಯಾರೋ ನಾಯಿಯನ್ನು ಹಿಡಿದು ನಿಂತಿದ್ದರು, ಅದು ಮೂಸಲು ಬಂತು, ಅವಳು ಬಗ್ಗಿ ಅದರ ತಲೆ ಸವರಿದಳು. ಅಷ್ಟರಲ್ಲಿ ಮನೆ ಬಂತು. ಟೈಲರಮ್ಮ ಮಿಷಿನ್ನು ನಿಲ್ಲಿಸಿ ಕಿಟಕಿಯಿಂದಲೇ ಕೂಗಿದಳು: “ಎಷ್ಟು ಬಂತು ಟೀಚರಮ್ಮಾ?” “ಇಳಿದಿದೆ ಕಣಮ್ಮ. ಚೆನ್ನಾಗಿ ಇಳಿದಿದೆ,” ಎಂದು ಇವಳು ನಕ್ಕು ಮೆಟ್ಟಿಲು ಹತ್ತಿದಳು. ಅವನು ಕೆಳಗಿನ ಮೆಟ್ಟಿಲಲ್ಲೇ ನಿಂತ. ಪಕ್ಕದವನ ಉತ್ತರ ನೋಡಿ ಬರೆದನೆಂದು ಸ್ವಂತ ಮಗಳ ಗೆಳೆಯನನ್ನೇ ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದ ಹೆಂಗಸು ಇವಳು. “ಯಾಕೆ ಸುಳ್ಳು ಹೇಳಿದೆ?” ಎಂದ, ಮೇಲೆ ಬಂದ ಮೇಲೆ. ಅವಳು ಬೀಗ ತೆಗೆಯುತ್ತ, “ನಿಮ್ಮ ಬ್ರೆಡ್ಡಿಗೆ ಯಾಕೆ ಕೆಟ್ಟ ಹೆಸರು?” ಎಂದಳು.

ಮಧ್ಯಾಹ್ನ ಅವಳು ನಿಜಕ್ಕೂ ಅರ್ಧವೇ ಊಟ ಮಾಡಿದಳು. ಅವನಿಗೆ ಅನ್ನ ಸೇರಲಿಲ್ಲ. ಮಂಚದ ಮೇಲೆ ಒರಗಿ ಸೂರು ನೋಡುತ್ತ ಬಿದ್ದುಕೊಂಡ. ನಾಳೆಯಿಂದ ನಿಜವಾದ ಗೋಧಿಯದ್ದೇ ಮಾಡಿಬಿಟ್ಟರೆ? ಹೇಳುವುದೇನೂ ಬೇಡ, ಹಿಟ್ಟಿನ ಗಿರಣಿಯವನು ಮೋಸ ಮಾಡಿದ, ಉಬ್ಬುತ್ತಿಲ್ಲ ಎಂದರಾಯಿತು. ಮೂರು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ, ಡಾಕ್ಟರೇ ಇಂಜೆಕ್ಷನ್ ನಿಲ್ಲಿಸುತ್ತಾರೆ. ಮೂರು ತಿಂಗಳು ಎಂದರೆ ತೊಂಬತ್ತು ದಿನ, ತೊಂಬತ್ತು ಸೂಜಿ. ಹಾಗೆ ಎಣಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಗಿ ಎದ್ದು ಕೂತ. ಅಡುಗೆಮನೆಯಲ್ಲಿ ಸದ್ದಿರಲಿಲ್ಲ. ಹೋಗಿ ನೋಡಿದರೆ ಅವಳು ಮೇಜಿನ ಮುಂದೆ ಕೂತಿದ್ದಳು. ಮನೆಯಲ್ಲಿ ಕಿತ್ತಳೆ ಇರಲಿಲ್ಲ. ಬೆಳಗ್ಗೆಯ ಬ್ರೆಡ್ಡಿನ ದಪ್ಪ ತುಂಡೊಂದನ್ನು ತಟ್ಟೆಯಲ್ಲಿಟ್ಟುಕೊಂಡು, ಎಡಗೈಯಲ್ಲಿ ಅದನ್ನು ಹೊಟ್ಟೆಯ ಚರ್ಮ ಹಿಡಿಯುವಂತೆ ಚಿವುಟಿ ಹಿಡಿದು, ಬಲಗೈಯಲ್ಲಿ ನರ್ಸು ಕೊಟ್ಟ ಪೆನ್ನು ಹಿಡಿದಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಚುಚ್ಚಿದಳು. ಕಣ್ಣು ತೆರೆದು ಅವನನ್ನು ಕಂಡು, ಮಗು ನಗುವ ಹಾಗೆ ನಕ್ಕಳು. “ನೋಡ್ರೀ, ಎಷ್ಟು ಮೆತ್ತಗಿದೆ! ಸೂಜಿ ಇಳಿದದ್ದೇ ಗೊತ್ತಾಗ್ಲಿಲ್ಲ. ನನಗೂ ಹೀಗೇ ಆಗಬಹುದು ಅಲ್ವಾ? ನೋವಾಗಲ್ಲ ಅಲ್ವಾ?”

ಅವನು ಸ್ಟೂಲು ಎಳೆದು ಅಟ್ಟದ ಕೆಳಗೆ ಹಾಕಿದ, ಹತ್ತಿದ, ಸುತ್ತಿಗೆಯ ಚೀಲ ಸರಿಸಿ ಡಬ್ಬ ಇಳಿಸಿದ. ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದ. ಅವಳು ಎರಡು ಬೆರಳು ಹಾಕಿ ಉಜ್ಜಿ ನೋಡಿದಳು.

“ಇದೇನಿದು?”

“ಮೈದಾ.”

“ಯಾತಕ್ಕೆ?”

“ಬ್ರೆಡ್ಡಿಗೆ.”

“ಯಾವ ಬ್ರೆಡ್ಡಿಗೆ?”

“ನೀನು ತಿನ್ನೋ ಬ್ರೆಡ್ಡಿಗೆ. ಇದಕ್ಕೆ.” ತಟ್ಟೆಯ ಕಡೆ ಬೆರಳು ತೋರಿಸಿದ.

“ಎಷ್ಟು?”

“ಮೊದಲು ಒಂದು ಹಿಡಿ.”

“ಈಗ?”

“ಮುಕ್ಕಾಲು.”

“ಸಕ್ಕರೆ?”

“ಎರಡು ಚಮಚ. ಬಣ್ಣಕ್ಕೆ.”

ಅವಳು ಪೆನ್ನನ್ನು ಕೆಳಗಿಟ್ಟಳು. ಬೆರಳಿಗಂಟಿದ ಬಿಳಿಯ ಪುಡಿಯನ್ನು ನೋಡುತ್ತ ಕೂತಳು. ಕಿಟಕಿಯ ಹೊರಗೆ ಯಾರದೋ ಸೈಕಲ್ಲಿನ ಬೆಲ್ಲು, ಕೆಳಗಿನಿಂದ ಟೈಲರಮ್ಮನ ಮಿಷಿನ್ನಿನ ಸದ್ದು. ಕೂಗಾಡುತ್ತಾಳೆ ಎಂದು ಅವನು ಕಾದ. ಕೂಗಾಡಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. “ಮೈದಾ ಹಾಕಿದ್ದು ಹಾಳಾಗ್ಲಿ,” ಎಂದಳು ಕೊನೆಗೆ. “ಅದು ನಿಮ್ಮ ಚಾಳಿ, ಬುದ್ಧಿ ಓಡಲಿಲ್ಲ, ಹಾಕಿದ್ರಿ. ಬೆಳಗ್ಗೆ ಅಲ್ಲಿ ಯಾಕೆ ಸುಮ್ಮನೆ ಕೂತ್ರಿ? ನಾನು ಲೆಕ್ಕ ಕಲಿಸಿದ ಹುಡುಗಿ ಮುಂದೆ ಕಳ್ಳಿ ಆದೆನಲ್ಲ, ನಿಮ್ಮ ಮುಖ ನೋಡಿದೆನಲ್ಲ, ಆಗ ಆ ತೂಕದ ಮಿಷಿನ್ನು ನೋಡ್ತಾ ಕೂತಿದ್ರಲ್ಲ. ಅದು ಯಾಕೆ?” ಹೇಳುತ್ತ ಹೇ‍ಳುತ್ತ ಅವಳು ತಟ್ಟೆಯನ್ನು ದೂರ ತಳ್ಳಿದಳು. ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಸುಳ್ಳು ಹುಡುಕಿದ, ಒಂದೂ ಸಿಗಲಿಲ್ಲ. “ನೀನು ಚೆನ್ನಾಗಿದೆ ಅಂದೆಯಲ್ಲ,” ಎಂದ. “ಇಷ್ಟು ವರ್ಷದಲ್ಲಿ ಅಂದಿರ್ಲಿಲ್ಲ. ಹೇಳಿಬಿಟ್ರೆ ಇನ್ನು ಯಾವತ್ತೂ ಅನ್ನಲ್ಲ ಅಂತ ಅನ್ನಿಸ್ತು.” “ಅಷ್ಟಕ್ಕಾ?” “ಅಷ್ಟಕ್ಕೇ.” ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಬಿಳಿಯ ಹುಬ್ಬು, ಭಟ್ಟಿಯ ಸುಟ್ಟ ಗಾಯದ ಕಲೆಗಳಿರುವ ಮುಂಗೈ, ಹವಾಯಿ ಚಪ್ಪಲಿಯೊಳಗೆ ಮುದುಡಿದ ಕಾಲ್ಬೆರಳು. ಆಮೇಲೆ ಎದ್ದು ಬಚ್ಚಲಿಗೆ ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ತನಗೂ ಒಂದು ದಿನ ಇದೇ ಬಚ್ಚಲಲ್ಲಿ ಮುಖ ನೋಡಿಕೊಳ್ಳುವ ಕೆಲಸ ಬಿದ್ದಿತ್ತು ಎಂಬುದು ನೆನಪಾಗಿ ಅವನಿಗೆ ಎಲ್ಲಾದರೂ ಹೋಗಿ ಅವಿತುಕೊಳ್ಳಬೇಕೆನಿಸಿತು. ಅವಳು ಹೊರಬಂದಾಗ ಮುಖ ತೊಳೆದಿದ್ದಳು, ತಲೆ ಬಾಚಿದ್ದಳು, ಕಣ್ಣು ಮಾತ್ರ ಕೆಂಪಗಿತ್ತು. ಫ್ರಿಜ್ಜಿನಿಂದ ಇಂಜೆಕ್ಷನ್ನಿನ ಪೊಟ್ಟಣ ತೆಗೆದು ಚೀಲಕ್ಕೆ ಹಾಕಿಕೊಂಡಳು.

“ಅಂಗಿ ಬದಲಾಯಿಸ್ಕೊಳ್ಳಿ.”

“ಎಲ್ಲಿಗೆ?”

“ಐದು ಗಂಟೆಗೆ ಕ್ಲಿನಿಕ್ ತೆಗೀತಾರೆ. ನೀವು ಅಲ್ಲಿ ಬಂದು ಹೇಳ್ತೀರಿ. ನಾನಲ್ಲ, ನೀವು.”

ದಾರಿಯಲ್ಲಿ ಅವಳು ಎರಡು ಹೆಜ್ಜೆ ಮುಂದೆ, ಅವನು ಹಿಂದೆ. ರಸ್ತೆ ದಾಟುವಾಗ ಮಾತ್ರ ನಿಂತು, ಅವನು ಪಕ್ಕಕ್ಕೆ ಬಂದ ಮೇಲೆ ದಾಟಿದಳು. ಸಂಜೆಯ ಬೆಂಚು ತುಂಬಿತ್ತು. ಕೆಮ್ಮುವವರು, ಕಾಲಿಗೆ ಪಟ್ಟಿ ಕಟ್ಟಿದವರು, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡವರು. ಚೀಟಿ ಬರೆಯುವವನು ತಲೆಯೆತ್ತದೆ ಪೇಷೆಂಟ್ ಯಾರು ಎಂದ. “ಇವರು,” ಎಂದಳು ಅವಳು. ಏನು ತೊಂದರೆ ಎಂದ. “ಅದನ್ನ ಡಾಕ್ಟರ ಹತ್ರಾನೇ ಹೇಳ್ತಾರೆ.” ಅವನು ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಕೂತ. ಮೊದಲ ದಿನ ಬೇಕರಿಗೆ ಸೇರಿದಾಗ ಒಂದು ತಟ್ಟೆ ಬ್ರೆಡ್ಡು ಕರಕಲಾಗಿ, ಮೇಸ್ತ್ರಿ ಬರುವುದನ್ನು ಕಾಯುತ್ತ ಮೂಲೆಯಲ್ಲಿ ನಿಂತಿದ್ದ. ಆಗ ಅವನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಆವತ್ತು ಹಿಂಬಾಗಿಲಿನಿಂದ ಓಡಿಹೋಗಿದ್ದ, ಎರಡು ದಿನ ಬಿಟ್ಟು ಮೇಸ್ತ್ರಿಯೇ ಹುಡುಕಿಕೊಂಡು ಬಂದಿದ್ದ. ಇವತ್ತು ಬಾಗಿಲು ಅಲ್ಲೇ ಇತ್ತು, ತೆರೆದೇ ಇತ್ತು. ಪಕ್ಕದಲ್ಲಿ ಅವಳು ಎದುರಿನ ಗೋಡೆ ನೋಡುತ್ತ ಕೂತಿದ್ದಳು. ಬಿಳಿಯ ಕೂದಲೊಂದು ಕಿವಿಯ ಹಿಂದಿನಿಂದ ಜಾರಿ ಕೆನ್ನೆಗೆ ಬಿದ್ದಿತ್ತು. ಇವಳ ಕಣ್ಣಿಗೆ, ಕಾಲಿಗೆ ಏನಾದರೂ ಆಗಿಬಿಟ್ಟಿದ್ದರೆ ಎಂಬ ಯೋಚನೆ ಆಗ ಅವನಿಗೆ ಮೊದಲ ಸಲ ಪೂರ್ತಿಯಾಗಿ ಬಂತು. ಬೆಳಗ್ಗೆಯಿಂದ ತನ್ನ ಮಾನದ ಲೆಕ್ಕದಲ್ಲೇ ಮುಳುಗಿದ್ದ. ಅವಳಿಲ್ಲದ ಮನೆಯಲ್ಲಿ ಎಂಥ ಬ್ರೆಡ್ಡು ಎದ್ದು ನಿಂತರೂ ಏನು ಬಂತು?

ಒಳಗೆ ಹೋದಾಗ ಡಾಕ್ಟರಮ್ಮ ಅರ್ಧ ಎದ್ದರು. “ಏನಾಯ್ತು ಟೀಚರ್, ಮತ್ತೆ ಬಂದ್ರಿ?” ಅವಳು ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅವನ ಕಡೆ ಕೈ ತೋರಿಸಿದಳು. ಅವನು ಕೂರಲಿಲ್ಲ. ನಿಂತೇ ಹೇಳಿದ. ಬ್ರೆಡ್ಡು ಮಾಡುವವನು ನಾನು, ಬರೀ ಗೋಧಿ ಎಂದು ಹೇಳಿ ಮುಕ್ಕಾಲು ಮೈದಾ ಹಾಕಿದೆ, ಸಕ್ಕರೆಯನ್ನೂ ಹಾಕಿದೆ, ಅವಳಿಗೆ ಗೊತ್ತಿರಲಿಲ್ಲ, ಅವಳು ಒಂದು ದಿನವೂ ಕದ್ದು ತಿಂದಿಲ್ಲ, ಕದ್ದವನು ನಾನು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಾರಿ ಟೀಚರ್,” ಎಂದರು ಮೊದಲು, ತಲೆ ತಗ್ಗಿಸಿ. “ನಾನು ಹಾಗೆ ಅನ್ನಬಾರ್ದಿತ್ತು.” ಇವಳು ಕೈಯಾಡಿಸಿ, ಇರಲಿ ಬಿಡು ಎಂದಳು, ಆದರೆ ಬೆಳಗ್ಗೆಯಿಂದ ಬಗ್ಗಿದ್ದ ಅವಳ ಬೆನ್ನು ನೆಟ್ಟಗಾದದ್ದನ್ನು ಅವನು ನೋಡಿದ. ಇಂಜೆಕ್ಷನ್ ಸದ್ಯಕ್ಕೆ ಬೇಡ, ಎಂದರು ಡಾಕ್ಟರಮ್ಮ. ಇನ್ನು ಮೂರು ತಿಂಗಳು ನೋಡೋಣ, ಈ ಸಲ ನಿಜವಾಗಿ. ಆಗಲೂ ಇಳಿಯದಿದ್ದರೆ ಮಾತ್ರ. ಅವಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು.

ಆಮೇಲೆ ಡಾಕ್ಟರಮ್ಮ ಅವನ ಕಡೆ ತಿರುಗಿದರು. “ಅಂಕಲ್, ನಿಮಗೆ ಸ್ವಲ್ಪನಾದ್ರೂ ಬುದ್ಧಿ ಇದೆಯಾ? ಇದೇನು ಆಟದ ವಿಷಯಾನಾ? ಹೀಗೇ ಒಂದೆರಡು ವರ್ಷ ಹೋಗಿದ್ರೆ ಕಣ್ಣು, ಕಿಡ್ನಿ, ಎಲ್ಲಾ ಹೋಗ್ತಿತ್ತು. ಇಷ್ಟು ವಯಸ್ಸಾಗಿ, ಕಟ್ಕೊಂಡ ಹೆಂಡ್ತಿಗೆ ಮೋಸ ಮಾಡಿ—” ಅವನು ತಲೆ ಬಗ್ಗಿಸಿ ನಿಂತ. ಪ್ರತಿಯೊಂದು ಮಾತೂ ಸರಿಯಾಗಿತ್ತು, ಇನ್ನೂ ನಾಲ್ಕು ಬಿದ್ದರೂ ತಕ್ಕದ್ದೇ ಎನಿಸಿತು.

“ಸಾಕು ಕಣಮ್ಮ,” ಎಂದಳು ಅವಳು.

“ಅಲ್ಲ ಟೀಚರ್, ಇವರು ಮಾಡಿದ್ದು—”

“ಸಾಕು ಅಂದೆನಲ್ಲ.” ಅದು ತರಗತಿಯ ದನಿ, ಬಾಗಿಲಾಚೆಯ ಕೆಮ್ಮು ಕೂಡ ಒಂದು ಗಳಿಗೆ ನಿಂತಿತು. ಬೆಳಗ್ಗೆ ಇದೇ ಮೇಜಿನ ಮುಂದೆ ಅವಳಿಗಾಗಿ ಆಡಬೇಕಾಗಿದ್ದ ಮಾತನ್ನು ತಾನು ನುಂಗಿಕೊಂಡು ಕೂತಿದ್ದೆ ಎಂಬುದು ಅವನನ್ನು ಸುಟ್ಟಿತು, ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲು ಕೈ ಏಳಲಿಲ್ಲ. ಅವಳು ಪಕ್ಕದ ಖಾಲಿ ಕುರ್ಚಿಯನ್ನು ಹಿಂದಕ್ಕೆಳೆದು, ಅವನ ಅಂಗಿಯ ತುದಿ ಹಿಡಿದು ಜಗ್ಗಿ ಕೂರಿಸಿದಳು.

“ಅವರನ್ನ ಬಯ್ಯೋದಕ್ಕೆ ಮನೇಲಿ ನಾನಿದ್ದೀನಿ,” ಎಂದಳು. “ನೀನು ಚೀಟಿ ಬರಿ.”